ಐವತ್ತರಲ್ಲಿ ಮೂವತ್ತೇಳು ಹೋದರೆ: ಚಿಲ್ಲರೆ ಎಣಿಸುತ್ತಾ ಕಳೆಯಲು ಕಲಿತ ಹುಡುಗಿ

ದಕ್ಷಿಣ ಕೊಡಗಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಸುತ್ತ ಕಾಫಿ ತೋಟ, ಮರಕ್ಕೆಲ್ಲ ಹಬ್ಬಿದ ಮೆಣಸಿನ ಬಳ್ಳಿ. ಹೆಚ್ಚಿನ ಮಕ್ಕಳು ಬರುವುದು ತೋಟದ ಲೈನ್ ಮನೆಗಳಿಂದ, ಅಂದರೆ ಕಾರ್ಮಿಕರ ಸಾಲು ಮನೆಗಳಿಂದ. ನಾನು ಅಲ್ಲಿ ನಾಲ್ಕನೇ ತರಗತಿಗೆ ಗಣಿತ ಹೇಳಿಕೊಡುತ್ತಿದ್ದಾಗ ನಡೆದದ್ದು ಇದು. ಹುಡುಗಿಯ ಹೆಸರು ಮಲ್ಲಿ ಎಂದಿಟ್ಟುಕೊಳ್ಳೋಣ. ಅದು ಅವಳ ಹೆಸರಲ್ಲ. ಗುರುತು ಸಿಗಬಾರದು ಅಂತ ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಅವಳ ತಪ್ಪುಗಳನ್ನು ಬದಲಿಸಿಲ್ಲ, ನನ್ನವನ್ನೂ ಬದಲಿಸಿಲ್ಲ.

ಮಲ್ಲಿಯ ಮನೆಮಾತು ಕನ್ನಡವಲ್ಲ. ಆದರೆ ಕನ್ನಡ ಚೆನ್ನಾಗಿ ಮಾತಾಡುತ್ತಿದ್ದಳು. ಅಮ್ಮ ತೋಟದ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಒಬ್ಬ ಪುಟ್ಟ ತಮ್ಮ. ಮೂರನೇ ತರಗತಿವರೆಗೆ ನಲಿ-ಕಲಿ, ಅಂದರೆ ಕಾರ್ಡು, ಹಾಡು, ಗುಂಪಿನಲ್ಲಿ ಕೂರುವುದು. ನಾಲ್ಕಕ್ಕೆ ಬಂದ ಕೂಡಲೇ ಸಾಲಾಗಿ ಕೂತು ಪಠ್ಯಪುಸ್ತಕ ತೆರೆಯಬೇಕು. ಕೂಡುವ ಲೆಕ್ಕ ಅವಳಿಗೆ ಬರುತ್ತಿತ್ತು. ನಿಧಾನ, ಬೆರಳು ಮಡಚಿಯೇ ಮಾಡುತ್ತಿದ್ದಳು, ಆದರೆ ಬರುತ್ತಿತ್ತು. ಕಳೆಯುವ ಲೆಕ್ಕ ಅಂದರೆ ಮಾತ್ರ ಪೆನ್ಸಿಲ್ ಕೆತ್ತಲು ಹೋಗುತ್ತಿದ್ದಳು.

ಜುಲೈ ಅಂದರೆ ನಮ್ಮ ಕಡೆ ಗೊತ್ತಲ್ಲ, ಶಾಲೆಗಿಂತ ಮಳೆ ರಜೆಯೇ ಜಾಸ್ತಿ ಅನ್ನಿಸುವ ತಿಂಗಳು. ಮಳೆ ಸ್ವಲ್ಪ ಬಿಟ್ಟ ಒಂದು ದಿನ ಕಳೆಯುವ ಲೆಕ್ಕದ ಮೇಲೆ ಕಿರುಪರೀಕ್ಷೆ ಕೊಟ್ಟೆ. ಮಲ್ಲಿಗೆ ಹತ್ತಕ್ಕೆ ಮೂರು. ಕೆಂಪು ಶಾಯಿಯಲ್ಲಿ ತಪ್ಪು ಹಾಕಿ, ಕೆಳಗೆ "ಗಮನ ಕೊಡು" ಅಂತ ಬರೆದೆ. ಆಮೇಲೆ ಅಂಕ ಪಟ್ಟಿಗೆ ಏರಿಸುವಾಗ ಅದೇ ಹಾಳೆ ಮತ್ತೆ ಕೈಗೆ ಬಂತು. ಅವಳು ಬರೆದದ್ದು ಹೀಗಿತ್ತು:

62 − 47 = 25
50 − 37 = 27
403 − 178 = 375

ಬಿಡಿ ಸ್ಥಾನ ನೋಡಿ. ಎರಡರಲ್ಲಿ ಏಳು ಹೋಗಲ್ಲ, ಆದರೆ ಏಳರಲ್ಲಿ ಎರಡು ಹೋಗುತ್ತೆ ಅಲ್ವಾ? ಐದು. ಸೊನ್ನೆಯಲ್ಲಿ ಏಳು ಹೋಗಲ್ಲ, ಏಳರಲ್ಲಿ ಸೊನ್ನೆ ಹೋಗುತ್ತೆ. ಏಳು. ಮೇಲಿರಲಿ ಕೆಳಗಿರಲಿ, ದೊಡ್ಡದರಿಂದ ಚಿಕ್ಕದನ್ನು ಕಳೆದುಬಿಡುವುದು. ಪ್ರತಿ ಲೆಕ್ಕದಲ್ಲೂ ಹಾಗೇ ಮಾಡಿದ್ದಳು, ಒಂದು ಕಡೆಯೂ ತಪ್ಪಿರಲಿಲ್ಲ. ಸರಿ ಬಂದ ಮೂರು ಲೆಕ್ಕಗಳು ಪಕ್ಕದ ಹತ್ತರ ಸ್ಥಾನದಿಂದ ದಶಕ ತರುವ ಅಗತ್ಯವೇ ಇಲ್ಲದವು. ಅಂದರೆ ಮಲ್ಲಿ ಗಮನ ಕೊಟ್ಟೇ ಮಾಡಿದ್ದಳು. ಗಮನ ಕೊಡದೆ "ಗಮನ ಕೊಡು" ಅಂತ ಬರೆದವಳು ನಾನು.

ಇದು ನಮ್ಮ ಶಾಲೆಯ ಮಕ್ಕಳ ತಪ್ಪು ಮಾತ್ರ ಅಲ್ಲ. 1978ರಲ್ಲೇ ಅಮೆರಿಕದ ಬ್ರೌನ್ ಮತ್ತು ಬರ್ಟನ್ ಎಂಬ ಸಂಶೋಧಕರು ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳನ್ನು ಕಲೆಹಾಕಿ ನೋಡಿದ್ದರು. ಬಹಳಷ್ಟು ತಪ್ಪುಗಳ ಹಿಂದೆ ಒಂದು ನಿಯಮ ಇರುತ್ತದೆ, ಮಗು ಆ ನಿಯಮವನ್ನು ಶಿಸ್ತಾಗಿ ಪಾಲಿಸುತ್ತಿರುತ್ತದೆ ಅಂತ ಅವರು ತೋರಿಸಿದರು. ಮಲ್ಲಿಯ ನಿಯಮ ಅವರ ಪಟ್ಟಿಯಲ್ಲೂ ಇದೆ. "ಚಿಕ್ಕದರಲ್ಲಿ ದೊಡ್ಡದು ಹೋಗಲ್ಲ" ಅಂತ ನಾವು ಮತ್ತೆ ಮತ್ತೆ ಹೇಳುತ್ತೇವೆ. ಮಗು ಅದನ್ನು ನಂಬುತ್ತದೆ, ಹೋಗುವ ಹಾಗೆ ತಾನೇ ತಿರುಗಿಸಿಕೊಳ್ಳುತ್ತದೆ.

ಮೊದಲು ಮಾಡಿದ್ದು, ಕೈಕೊಟ್ಟದ್ದು

ಕಡ್ಡಿ ಕಟ್ಟು ತಂದೆ. ಪೊರಕೆ ಕಡ್ಡಿ ಮುರಿದು ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು. ಅರವತ್ತೆರಡು ಅಂದರೆ ಆರು ಕಟ್ಟು, ಎರಡು ಬಿಡಿ. ನಲವತ್ತೇಳು ಕೊಡು ಅಂದರೆ ಮಲ್ಲಿ ತಾನಾಗಿ ಒಂದು ಕಟ್ಟು ಬಿಚ್ಚುತ್ತಿದ್ದಳು. ಉಳಿದದ್ದು ಹದಿನೈದು. ಸರಿಯಾಗಿತ್ತು. ಅದೇ ಲೆಕ್ಕ ಸ್ಲೇಟಿನಲ್ಲಿ ಬರೆಸಿದರೆ ಇಪ್ಪತ್ತೈದು. "ಈಗ ತಾನೇ ಹದಿನೈದು ಬಂತಲ್ಲ?" ಅಂದರೆ, "ಅದು ಕಡ್ಡೀದು ಟೀಚರ್" ಅಂದಳು. ಕಡ್ಡಿಗೆ ಒಂದು ಉತ್ತರ, ಸ್ಲೇಟಿಗೆ ಇನ್ನೊಂದು. ಅವಳಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ.

ಆಮೇಲೆ ಎಲ್ಲರೂ ಹೇಳುವ ಸಾಲದ ಕಥೆ ಹೇಳಿದೆ. ಬಿಡಿ ಮನೆಯಲ್ಲಿ ಅಕ್ಕಿ ಸಾಲದು, ಪಕ್ಕದ ಹತ್ತರ ಮನೆಗೆ ಹೋಗಿ ಸಾಲ ತರಬೇಕು. ಮಲ್ಲಿ ಕೇಳಿಸಿಕೊಂಡು ಕೇಳಿದಳು: "ವಾಪಸ್ ಯಾವಾಗ ಕೊಡೋದು ಟೀಚರ್?"

ನಾನು ನಕ್ಕುಬಿಟ್ಟೆ. ಮನೆಗೆ ಹೋಗುವಾಗ ದಾರಿಯಲ್ಲಿ ಯೋಚನೆ ಬಂತು. ಮುಂಗಡ ತೆಗೆದುಕೊಂಡು ತೀರಿಸುತ್ತಲೇ ಇರುವ ಮನೆಗಳ ಮಗು ಅದು. ಸಾಲ ಅಂದರೆ ವಾಪಸ್ ಕೊಡಬೇಕಾದ್ದು ಅಂತ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ನನ್ನ ಕಥೆಯಲ್ಲಿ ಯಾರೂ ಯಾವತ್ತೂ ವಾಪಸ್ ಕೊಡುವುದಿಲ್ಲ. ಕಥೆ ಹುಳುಕಾಗಿತ್ತು, ಅವಳ ಪ್ರಶ್ನೆ ಸರಿಯಾಗಿಯೇ ಇತ್ತು.

ಮೂರನೆಯದು ಅಭ್ಯಾಸ. ದಿನಕ್ಕೆ ಹತ್ತು ಲೆಕ್ಕ, ಎರಡು ವಾರ. ಇದರ ಬಗ್ಗೆ ಜಾಸ್ತಿ ಬರೆಯಲು ಏನೂ ಇಲ್ಲ. ಶನಿವಾರ ಸರಿ ಮಾಡುತ್ತಿದ್ದಳು, ಸೋಮವಾರ ಮತ್ತೆ ಇಪ್ಪತ್ತೇಳು.

ಮಕ್ಕಳ ಸಂತೆ

ನವೆಂಬರಿನಲ್ಲಿ ಶಾಲೆಯಲ್ಲಿ ಮಕ್ಕಳ ಸಂತೆ ಮಾಡಿದೆವು. ಮನೆಯಿಂದ ಏನಾದರೂ ತಂದು ಮಾರಬೇಕು, ನಿಜವಾದ ದುಡ್ಡಿನಲ್ಲೇ. ಕಿತ್ತಳೆ, ನಿಂಬೆ, ಬಾಳೆ, ಕೆಸುವಿನ ಗೆಡ್ಡೆ, ಒಬ್ಬ ಹುಡುಗ ಕೋಳಿಮೊಟ್ಟೆ. ಮಲ್ಲಿ ಗೋಣಿತಾಟಿನ ಮೇಲೆ ನಿಂಬೆಹಣ್ಣು ಮತ್ತು ಗಾಂಧಾರಿ ಮೆಣಸು ಹರಡಿ ಕೂತಿದ್ದಳು. ಪಕ್ಕದಲ್ಲಿ ಚಿಲ್ಲರೆ ಹಾಕಿದ ಒಂದು ಡಬ್ಬಿ.

ನಾನು ಒಂದಿಷ್ಟು ನಿಂಬೆ, ಒಂದು ಪೊಟ್ಟಣ ಮೆಣಸು ತೆಗೆದುಕೊಂಡೆ. ಮೂವತ್ತೇಳು ರೂಪಾಯಿ ಅಂದಳು. ಕೂಡಿದ್ದು ಸರಿ ಇತ್ತು. ಐವತ್ತರ ನೋಟು ಕೊಟ್ಟೆ. ಅವಳು ನನ್ನ ಅಂಗೈ ಹಿಡಿದುಕೊಂಡು ಒಂದೊಂದೇ ನಾಣ್ಯ ಇಟ್ಟಳು. "ಮೂವತ್ತೇಳು... ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು." ಮೂರು ನಾಣ್ಯ. ಅದರ ಮೇಲೆ ಹತ್ತರ ನೋಟು ಮಡಚಿ ಇಟ್ಟು, "ಐವತ್ತು. ಆಯ್ತಾ ಟೀಚರ್?"

ಆಯ್ತು. ಮುಂದಿನ ಗಿರಾಕಿ ಬಂದ. ನಾನು ಅಂಗೈಯಲ್ಲಿ ಹದಿಮೂರು ರೂಪಾಯಿ ಹಿಡಿದುಕೊಂಡು ನಿಂತಿದ್ದೆ. ಐವತ್ತರಲ್ಲಿ ಮೂವತ್ತೇಳು. ನಾಲ್ಕು ತಿಂಗಳಿಂದ ಅವಳು ಇಪ್ಪತ್ತೇಳು ಅಂತ ಬರೆಯುತ್ತಿದ್ದ ಅದೇ ಲೆಕ್ಕ. ಇಲ್ಲಿ ಅವಳು ಏನನ್ನೂ ಕಳೆದಿರಲಿಲ್ಲ. ಕೂಡುತ್ತಾ ಹೋಗಿದ್ದಳು.

ಮರುದಿನ ಅವಳನ್ನು ಕರೆದು ಕೇಳಿದೆ, ನಿನ್ನೆ ನನಗೆ ಎಷ್ಟು ಚಿಲ್ಲರೆ ಕೊಟ್ಟೆ? ಹದಿಮೂರು ಅಂದಳು. ಬೋರ್ಡಿನ ಮೇಲೆ 50, ಕೆಳಗೆ 37 ಬರೆದು ಕಳೆ ಅಂದೆ. ಇಪ್ಪತ್ತೇಳು ಬರೆದಳು. ಸ್ವಲ್ಪ ಹೊತ್ತು ಬೋರ್ಡು ನೋಡುತ್ತಾ ನಿಂತಳು. ಆಮೇಲೆ ಮೆಲ್ಲಗೆ, "ಹಂಗಾದ್ರೆ ನಿಮಗೆ ಹದಿನಾಲ್ಕು ರೂಪಾಯಿ ಕಮ್ಮಿ ಕೊಟ್ನಾ ಟೀಚರ್?"

ಬೋರ್ಡಿನ ಉತ್ತರವನ್ನೇ ನಂಬಿ, ಕೈಯಾರೆ ಎಣಿಸಿ ಕೊಟ್ಟದ್ದನ್ನು ಅನುಮಾನಿಸಿದಳು. ಇನ್ನೊಂದು ವಿಷಯ, 27ಕ್ಕೂ 13ಕ್ಕೂ ನಡುವಿನ ಹದಿನಾಲ್ಕನ್ನು ಬಾಯಲ್ಲೇ ಸರಿಯಾಗಿ ಹೇಳಿದ್ದಳು! ಅದೂ ಕಳೆಯುವ ಲೆಕ್ಕವೇ ಅಲ್ವಾ? ಆವತ್ತು ತೀರ್ಮಾನ ಮಾಡಿದೆ. ಕೆಳಗೊಂದು ಮೇಲೊಂದು ಬರೆದು ಕಳೆಯುವುದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಅವಳ ಚಿಲ್ಲರೆ ಲೆಕ್ಕವನ್ನು ಮೊದಲು ಹಾಳೆಗೆ ತರೋಣ.

ಗೆರೆಯ ಮೇಲೆ ಜಿಗಿತ

ಶಾಲೆಯ ಜಗಲಿಯಲ್ಲಿ ಸೀಮೆಸುಣ್ಣದಿಂದ ಉದ್ದ ಗೆರೆ ಎಳೆದೆ. ಅದರ ಮೇಲೆ ಅಂಕಿ ಏನೂ ಇಲ್ಲ. ಎಡ ತುದಿಯಲ್ಲಿ 47, ಬಲ ತುದಿಯಲ್ಲಿ 62. ನಲವತ್ತೇಳರ ಮೇಲೆ ನಿಂತು ಅರವತ್ತೆರಡಕ್ಕೆ ಹೋಗಬೇಕು, ಹೇಗೆ ಬೇಕಾದರೂ ಜಿಗಿಯಬಹುದು. ಇದನ್ನು ನಾನು ಕಂಡುಹಿಡಿದದ್ದಲ್ಲ. ನೆದರ್ಲೆಂಡ್ಸ್ ಶಾಲೆಗಳಲ್ಲಿ ಇಂಥ ಖಾಲಿ ಗೆರೆ ಬಹಳ ವರ್ಷಗಳಿಂದ ಬಳಕೆಯಲ್ಲಿದೆ.

ಮಲ್ಲಿ ಮೂರು ಜಿಗಿದು ಐವತ್ತಕ್ಕೆ ಬಂದಳು, ಹತ್ತು ಜಿಗಿದು ಅರವತ್ತಕ್ಕೆ, ಎರಡು ಜಿಗಿದು ಅರವತ್ತೆರಡಕ್ಕೆ. ಉತ್ತರ ಎಷ್ಟು ಅಂದೆ.

"ಅರವತ್ತೆರಡು."

ಇದು ನಾನು ಎಣಿಸಿರದ ತಪ್ಪು. ಎಣಿಸುತ್ತಾ ಹೋದಾಗ ಕೊನೆಗೆ ಬಾಯಿಂದ ಬಂದ ಸಂಖ್ಯೆಯೇ ಉತ್ತರ ಅಂತ ಮಕ್ಕಳು ಮೊದಲಿನಿಂದ ಕಲಿತಿರುತ್ತಾರೆ. ಚೀಲದಲ್ಲಿ ಎಷ್ಟು ಗೋಲಿ ಅಂದರೆ ಕೊನೆಯಲ್ಲಿ ಹೇಳಿದ್ದೇ ಉತ್ತರ ತಾನೇ? ಇಲ್ಲಿ ಹಾಗಲ್ಲ, ಜಿಗಿದದ್ದೆಷ್ಟು ಅಂತ ನೋಡಬೇಕು. ತರಗತಿಯ ಅರ್ಧ ಮಕ್ಕಳು ಇದೇ ತಪ್ಪು ಮಾಡಿದರು. ಎರಡು ದಿನ ಏನೇನೋ ವಿವರಿಸಿ ನೋಡಿದೆ, ಆಗಲಿಲ್ಲ. ಕೊನೆಗೆ ಪ್ರತಿ ಜಿಗಿತಕ್ಕೂ ಜಿಗಿದಷ್ಟು ನಾಣ್ಯ, ನೋಟು ಇಡಿಸಿದೆ. ಮೂರು ನಾಣ್ಯ, ಒಂದು ಹತ್ತರ ನೋಟು, ಎರಡು ನಾಣ್ಯ. "ಗಿರಾಕಿ ಕೈಗೆ ಎಷ್ಟು ಹೋಯ್ತು?" ಹದಿನೈದು. ಆಮೇಲೆ ನಾಣ್ಯ ತೆಗೆದು ಅದರ ಜಾಗದಲ್ಲಿ ಅಂಕಿ ಬರೆದು ಸುತ್ತು ಹಾಕುವುದು ರೂಢಿಯಾಯಿತು. ಸುತ್ತು ಹಾಕಿದ್ದನ್ನು ಮಾತ್ರ ಕೂಡಬೇಕು.

ಮೂರಂಕಿಗೆ ಬಂದಾಗ ನನಗೇ ಅಳುಕಿತ್ತು. 403ರಲ್ಲಿ 178. ಮಲ್ಲಿ ಬರೆದಳು: 2, ಆಗ 180. 20, ಆಗ 200. 200, ಆಗ 400. ಮತ್ತೆ 3. ಒಟ್ಟು 225. ನಡುವಿನ ಸೊನ್ನೆ ಅವಳಿಗೆ ತಡೆಯಾಗಲೇ ಇಲ್ಲ. ಸಾಲ ತರುವ ಪದ್ಧತಿಯಲ್ಲಿ ಮಕ್ಕಳು ಮುಗ್ಗರಿಸುವುದೇ ಆ ಸೊನ್ನೆಯ ಹತ್ತಿರ. ಪಕ್ಕದ ಮನೆಯಲ್ಲೂ ಅಕ್ಕಿ ಇಲ್ಲ, ಅದರಾಚೆಯ ಮನೆಗೆ ಹೋಗಬೇಕು. ಕೂಡುತ್ತಾ ಹೋಗುವವರಿಗೆ ಸೊನ್ನೆ ಅಂದರೆ ಕಾಲೂರಿ ನಿಲ್ಲುವ ಕಲ್ಲು.

ಅದೇ ಕೋಣೆಯಲ್ಲಿ ಐದನೇ ತರಗತಿಗೆ ಪಾಠ ಮಾಡುವ ಹಿರಿಯ ಮೇಷ್ಟ್ರಿಗೆ ಇದು ಹಿಡಿಸಲಿಲ್ಲ. "ಇದು ಅಂಗಡಿ ಲೆಕ್ಕ ಟೀಚರ್. ಪರೀಕ್ಷೆಯಲ್ಲಿ ದಶಕ ತಂದದ್ದು ತೋರಿಸದಿದ್ದರೆ ಅಂಕ ಹೇಗೆ ಕೊಡೋದು?" ಅವರ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಮುಂದಿನ ವರ್ಷ ಮಕ್ಕಳು ಅವರ ಕೈಗೇ ಹೋಗುವವರು. ಆಸ್ಟ್ರಿಯನ್ ಪದ್ಧತಿ ಅಂತಲೇ ಹೆಸರಾದ ಒಂದು ಕ್ರಮವಿದೆ, ಯೂರೋಪಿನ ಶಾಲೆಗಳಲ್ಲಿ ಕಲಿಸುತ್ತಿದ್ದದ್ದು. ಒಂದರ ಕೆಳಗೊಂದು ಬರೆದೇ ಕೂಡುವುದು, ಅದೇ 62 − 47 ತೆಗೆದುಕೊಳ್ಳಿ: ಏಳಕ್ಕೆ ಎಷ್ಟು ಸೇರಿಸಿದರೆ ಹನ್ನೆರಡು? ಐದು, ಕೈಯಲ್ಲಿ ಒಂದು. ನಾಲ್ಕು ಮತ್ತೊಂದು ಐದು, ಐದಕ್ಕೆ ಎಷ್ಟು ಸೇರಿಸಿದರೆ ಆರು? ಒಂದು. ಹದಿನೈದು. ಅವರಿಗೆ ಬರೆದು ತೋರಿಸಿದೆ. ತಾವೂ ಒಂದು ಲೆಕ್ಕ ಮಾಡಿ ನೋಡಿ, "ಚೆನ್ನಾಗಿದೆ, ಆದ್ರೂ ಪುಸ್ತಕದಲ್ಲಿ ಇಲ್ವಲ್ಲ" ಅಂದರು. ಅಲ್ಲಿಗೆ ಒಂದು ಒಪ್ಪಂದಕ್ಕೆ ಬಂದೆವು. ಜಿಗಿತ ಹಾಳೆಯ ಬದಿಯಲ್ಲಿ ಇರಲಿ, ಪುಸ್ತಕದ ಪದ್ಧತಿಯನ್ನೂ ಬಿಡುವುದು ಬೇಡ.

503ರಲ್ಲಿ 7

ಡಿಸೆಂಬರ್ ಮೊದಲ ವಾರ ಎಲ್ಲ ಚೆನ್ನಾಗಿದೆ ಅಂತ ಬೀಗುತ್ತಿದ್ದೆ. ಆಗ 503 − 7 ಕೊಟ್ಟೆ. ಮಲ್ಲಿ 7ರಿಂದ ಹೊರಟಳು. 3, ಆಗ 10. 90, ಆಗ 100. 400, ಆಗ 500. ಮತ್ತೆ 3. ಒಟ್ಟು 496. ಸರಿ ಉತ್ತರವೇ. ಆದರೆ ಐನೂರ ಮೂರರಿಂದ ಏಳು ಹೆಜ್ಜೆ ಹಿಂದೆ ಬಂದರೆ ಮುಗಿಯುತ್ತಿತ್ತು. ಮೂರು ಹಿಂದೆ ಬಂದರೆ ಐನೂರು, ಇನ್ನು ನಾಲ್ಕು ಬಂದರೆ ನಾನೂರ ತೊಂಬತ್ತಾರು.

ಅವಳ ಪಕ್ಕದ ಹುಡುಗನ ಕಥೆ ಇನ್ನೂ ಬೇಸರದ್ದು. ಅವನಿಗೆ ದಶಕ ತಂದು ಕಳೆಯುವುದು ಮೊದಲೇ ಚೆನ್ನಾಗಿ ಬರುತ್ತಿತ್ತು. ಎಲ್ಲರೂ ಜಿಗಿಯಬೇಕು ಅಂತ ನಾನು ಹೇಳಿದ ಮೇಲೆ ಎರಡನ್ನೂ ಕಲಸಿಕೊಂಡು ಯಾವುದೂ ಸರಿ ಬರದ ಸ್ಥಿತಿಗೆ ಬಂದ. ಮಲ್ಲಿಗೆ ಸಿಕ್ಕ ದಾರಿಯನ್ನು ಇಡೀ ತರಗತಿಗೆ ಹೊಸ ಕಟ್ಟಳೆ ಮಾಡಿಬಿಟ್ಟಿದ್ದೆ. "ಎರಡರಲ್ಲಿ ಏಳು ಹೋಗಲ್ಲ" ಅಂತ ಮೊದಲು ಹೇರಿದ್ದೆ, ಈಗ "ಯಾವಾಗಲೂ ಕೂಡಿ" ಅಂತ ಹೇರಿದೆ. ಈ ಪ್ರಕರಣದಲ್ಲಿ ನಾನು ಹಿಂದಿರುಗಿ ಬದಲಿಸಬೇಕು ಅನ್ನಿಸುವ ತೀರ್ಮಾನ ಇದೊಂದೇ.

ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿ ಟೊರ್‌ಬೈನ್ಸ್, ಫರ್ಶಾಫೆಲ್ ಮತ್ತವರ ಜೊತೆಗಾರರು ಕೂಡಿ ಕಳೆಯುವ ಈ ವಿಧಾನದ ಮೇಲೆ ಹಲವು ವರ್ಷ ಕೆಲಸ ಮಾಡಿದ್ದಾರೆ. ಲೆಕ್ಕ ಬಲ್ಲ ದೊಡ್ಡವರು ಸಂಖ್ಯೆ ನೋಡಿ ದಾರಿ ಬದಲಿಸುತ್ತಾರೆ. ಕಳೆಯುವ ಸಂಖ್ಯೆ ದೊಡ್ಡದಿದ್ದು ಉಳಿಯುವುದು ಸ್ವಲ್ಪವೇ ಆಗಿದ್ದರೆ ಕೆಳಗಿನಿಂದ ಕೂಡುತ್ತಾ ಬರುತ್ತಾರೆ, ಕಳೆಯುವುದು ಚಿಕ್ಕದಿದ್ದರೆ ಮೇಲಿನಿಂದ ಹಿಂದೆ ಬರುತ್ತಾರೆ. ಅಂದರೆ ಮೊದಲು ನೋಡುವುದು, ಆಮೇಲೆ ಮಾಡುವುದು. ನಾನು ಮಾಡುವುದನ್ನು ಕಲಿಸಿದ್ದೆ, ನೋಡುವುದನ್ನು ಕಲಿಸಿರಲಿಲ್ಲ.

ಹಾಗಾಗಿ ಒಂದು ವಾರ ಲೆಕ್ಕ ಮಾಡುವುದನ್ನೇ ನಿಲ್ಲಿಸಿದೆ. ಹಳೆಯ ಮದುವೆ ಕಾಗದಗಳ ಹಿಂಬದಿಯಲ್ಲಿ ಲೆಕ್ಕ ಬರೆದು ಕಾರ್ಡು ಮಾಡಿದೆ: 81 − 78, 400 − 396, 64 − 5, 503 − 7, 62 − 47, 1000 − 637. "ಯಾರೂ ಉತ್ತರ ಹೇಳಬಾರದು. ಇದು ಗೋಣಿಕೊಪ್ಪದಿಂದ ಪೊನ್ನಂಪೇಟೆಗೆ ಹೋದ ಹಾಗಾ, ಗೋಣಿಕೊಪ್ಪದಿಂದ ಮಡಿಕೇರಿಗೆ ಹೋದ ಹಾಗಾ, ಅಷ್ಟು ಹೇಳಿ ಸಾಕು." ಪೊನ್ನಂಪೇಟೆ ಪಕ್ಕದಲ್ಲೇ, ಮಡಿಕೇರಿಗೆ ಬಸ್ಸಿನಲ್ಲಿ ನಿದ್ದೆ ಬರುವಷ್ಟು ದೂರ. ಮಕ್ಕಳಿಗೆ ಭಾರಿ ಖುಷಿ. 81, 78 ಪೊನ್ನಂಪೇಟೆ ಗುಂಪಿಗೆ ಹೋಯಿತು, ನಡೆದೇ ಹೋಗಬಹುದು, ಕೂಡುತ್ತಾ ಹೋಗು. 503, 7 ಮಡಿಕೇರಿ, ಅಷ್ಟು ದೂರ ಯಾರು ಹೋಗ್ತಾರೆ, ಹಿಂದೆ ಬಾ. 62, 47ಕ್ಕೆ ಜಗಳವೇ ಆಯಿತು. ಕೊನೆಗೆ ಒಬ್ಬಳು ಆ ಕಾರ್ಡನ್ನು ಎರಡು ಗುಂಪಿನ ನಡುವೆ ಇಟ್ಟು, "ಇದು ವಿರಾಜಪೇಟೆ" ಅಂದಳು. ಹಾಗೆ ಮೂರನೇ ಗುಂಪು ಹುಟ್ಟಿತು. ಅದರಲ್ಲಿರುವವನ್ನು ಯಾರಿಗೆ ಹೇಗೆ ಬರುತ್ತದೋ ಹಾಗೆ ಮಾಡಬಹುದು. ಆ ಹುಡುಗ ಮತ್ತೆ ದಶಕ ತಂದು ಕಳೆಯಲು ಶುರುಮಾಡಿದ, ನಿರಾಳವಾದ.

ಅಷ್ಟರಲ್ಲಿ ಕಾಫಿ ಕೊಯ್ಲು ಜೋರಾಯಿತು. ಮಲ್ಲಿ ಮೂರು ವಾರ ಬರಲಿಲ್ಲ. ಪ್ರತಿ ವರ್ಷ ಈ ಕಾಲಕ್ಕೆ ಹಾಜರಿ ಪುಸ್ತಕದಲ್ಲಿ ಹೀಗೆ ಖಾಲಿ ಬೀಳುತ್ತದೆ. ವಿಚಾರಿಸಲು ಒಂದು ಸಂಜೆ ಲೈನಿಗೆ ಹೋದೆ. ಅವಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ತೂಕ ಹಾಕುವ ಕಡೆ ನಿಂತಿದ್ದಳು. ಆ ತೋಟದಲ್ಲಿ ದಿನಕ್ಕೆ ಇಷ್ಟು ಕೆಜಿ ಹಣ್ಣು ಅಂತ ಲೆಕ್ಕ, ಅದರ ಮೇಲೆ ಕುಯ್ದರೆ ಕೆಜಿಗೆ ಇಷ್ಟು ಅಂತ ಜಾಸ್ತಿ ಕೊಡುತ್ತಾರೆ. ಅವಳಮ್ಮ ನಗುತ್ತಾ ಹೇಳಿದರು, "ಮಧ್ಯಾಹ್ನದ ತೂಕ ಆದ ಮೇಲೆ ಇನ್ನೆಷ್ಟು ಬೇಕು ಅಂತ ಇವಳೇ ಹೇಳೋದು ಟೀಚರೇ. ರೈಟರು ಬರೆಯೋಕೆ ಮುಂಚೆ ಹೇಳ್ತಾಳೆ."

ಆ "ಇನ್ನೆಷ್ಟು ಬೇಕು" ನನಗೆ ಬೇರೆ ಕಾರಣಕ್ಕೆ ನೆನಪಿದೆ. ಬರಹದ ಲೆಕ್ಕದಲ್ಲಿ "ಇನ್ನು" ಅನ್ನುವ ಪದ ಕಂಡರೆ ಮಕ್ಕಳು ಕಣ್ಣುಮುಚ್ಚಿ ಕೂಡಿಬಿಡುತ್ತಾರೆ. 85 ಕೆಜಿ ಬೇಕು, 58 ಆಗಿದೆ, ಇನ್ನೆಷ್ಟು ಬೇಕು ಅಂದರೆ 143 ಅಂತ ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಅವರು ಪೂರ್ತಿ ತಪ್ಪೂ ಅಲ್ಲ. ಅಲ್ಲಿ ಕೂಡುವುದು ಇದ್ದೇ ಇದೆ. ಆದರೆ ಕೂಡಬೇಕಾದದ್ದು 58ರ ಮೇಲೆ, 85 ಮುಟ್ಟುವ ತನಕ. ಎರಡು ಸೇರಿಸಿದರೆ 60, ಇಪ್ಪತ್ತೈದು ಸೇರಿಸಿದರೆ 85. ಇಪ್ಪತ್ತೇಳು. "ಕಳೆ" ಅಂತ ಹೇಳಿ ತಿದ್ದುವುದಕ್ಕಿಂತ "ಎಲ್ಲಿಯ ತನಕ ಕೂಡಬೇಕು?" ಅಂತ ಕೇಳಿದರೆ ಬೇಗ ಹಿಡಿಯುತ್ತಾರೆ. ಆ ಪ್ರಶ್ನೆಯನ್ನು ಈಗ ಎಲ್ಲ ತರಗತಿಗಳಲ್ಲೂ ಕೇಳುತ್ತೇನೆ.

ಜನವರಿ ಕೊನೆಗೆ ಮಲ್ಲಿ ವಾಪಸ್ ಬಂದಳು. ಮಗ್ಗಿ ಅರ್ಧ ಮರೆತಿದ್ದಳು. ಜಿಗಿತ ಮರೆತಿರಲಿಲ್ಲ. ಆಗ ಮತ್ತೆ ಕೆಳಗೊಂದು ಮೇಲೊಂದು ಬರೆಯುವ ಕ್ರಮಕ್ಕೆ ಬಂದೆವು. ಈ ಸಲ ಒಂದೇ ಶರತ್ತು: ಬಂದ ಉತ್ತರವನ್ನು ಕೆಳಗಿನ ಸಂಖ್ಯೆಗೆ ಕೂಡಿ ತಾಳೆ ನೋಡಬೇಕು. 50ರಲ್ಲಿ 37 ಅಂತ ಕೊಟ್ಟೆ. ಕೈ ಹಳೆ ಚಾಳಿಗೆ 27 ಬರೆಯಿತು. ಇಪ್ಪತ್ತೇಳು, ಮೂವತ್ತೇಳು ಕೂಡಿದಳು. ಅರವತ್ತನಾಲ್ಕು. "ಅಯ್ಯೋ, ಐವತ್ತು ಕೊಟ್ಟವರಿಗೆ ಇಷ್ಟು ಬರೋದು ಹೇಗೆ?" ಅಂತ ತಾನೇ ಅಳಿಸಿದಳು. ಹಳೆಯ ಚಾಳಿ ಪೂರ್ತಿ ಹೋಗಲಿಲ್ಲ, ಆದರೆ ನಾನು ಕೆಂಪು ಗೆರೆ ಎಳೆಯುವ ಮುಂಚೆ ಅವಳೇ ಅದನ್ನು ಹಿಡಿಯತೊಡಗಿದಳು. ಎರಡು ಸೊನ್ನೆ ಒಟ್ಟಿಗೆ ಬಂದರೆ ದಶಕ ತರುವಲ್ಲಿ ಈಗಲೂ ಎಡವುತ್ತಿದ್ದಳು. ಬೆರಳು ಮಡಚುವುದನ್ನೂ ಬಿಟ್ಟಿರಲಿಲ್ಲ, ನಾನೂ ಬಿಡಿಸಲು ಹೋಗಲಿಲ್ಲ.

ವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವಾಗ ಅವಳ 1000 − 637 ನೋಡಿದೆ. ಹಾಳೆಯ ಬದಿಯಲ್ಲಿ ಸಣ್ಣದಾಗಿ 3, 60, 300 ಬರೆದು ಒಂದೊಂದಕ್ಕೂ ಸುತ್ತು ಹಾಕಿದ್ದಳು. ಉತ್ತರ 363. ಮೇಲಿನ ಸಾವಿರದ ತಲೆಯ ಮೇಲೆ ದಶಕ ತಂದ ಗುರುತುಗಳೂ ಇದ್ದವು, ಅಂಕಿಗಳನ್ನು ನೀಟಾಗಿ ಹೊಡೆದುಹಾಕಿ. ಆದರೆ ಒಂದು ಕಡೆ 9 ಇರಬೇಕಾದಲ್ಲಿ 10 ಇತ್ತು. ಆ ಗುರುತುಗಳನ್ನು ನಂಬಿ ಕಳೆದರೆ 363 ಬರಲು ಸಾಧ್ಯವೇ ಇಲ್ಲ.

ಮರುದಿನ ಕರೆದು, ಇದೇನು ಮಲ್ಲಿ ಅಂತ ಆ ಗುರುತುಗಳನ್ನು ತೋರಿಸಿದೆ.

"ಅದು ಐದನೇ ಕ್ಲಾಸಿನ ಸರ್‌ಗೆ ಟೀಚರ್" ಅಂದಳು. "ಉತ್ತರ ಬಂದ ಮೇಲೆ ಹಾಕಿದ್ದು."